ಅಪ್ಪನಿಗೆ ಹೆಸರಿಟ್ಟ ಆಷಾಢ

ಆ ದಿನಗಳಲ್ಲಿ ನಮ್ಮ ಲಗ್ಗೆರೆಗೆ ಬೆಳಗಾಗುತ್ತಿದ್ದುದು ಲೇತ್ ಮಿಷನ್ನುಗಳ ಸದ್ದಿನಿಂದ. ಮನೆಗಳ ನಡುವೆಯೇ ಶೆಡ್ಡುಗಳು. ಗಾಳಿಯಲ್ಲಿ ಯಾವಾಗಲೂ ಕಾದ ಕಬ್ಬಿಣಕ್ಕೆ ಎಣ್ಣೆ ಬಿದ್ದ ವಾಸನೆ. ಮಧ್ಯಾಹ್ನವಾದರೆ ಅದರೊಳಗೆ ಹುರುಳಿಕಾಳು ಬಸ್ಸಾರಿನ ಒಗ್ಗರಣೆಯೂ ಸೇರಿಕೊಳ್ಳುತ್ತಿತ್ತು. ಶೆಡ್ಡಿನ ಹೊರಗೆ ಬಿದ್ದ ಕಬ್ಬಿಣದ ಸುರುಳಿಗಳನ್ನು ಬಳೆಯೆಂದು ತೊಟ್ಟು ಕೈ ಕೊಯ್ದುಕೊಳ್ಳದ ಹುಡುಗಿಯರು ನಮ್ಮ ಬೀದಿಯಲ್ಲಿರಲಿಲ್ಲ. ನಿಮ್ಮ ಬೀದಿಯಲ್ಲೂ ಇಂಥದೇನಾದರೂ ಇದ್ದೇ ಇರುತ್ತದೆ.

ನನ್ನ ಅಪ್ಪ ರಾಮಚಂದ್ರ ಪೀಣ್ಯದ ಸುತ್ತಮುತ್ತಲಿನವರು ಮಾತ್ರ ಓದುತ್ತಿದ್ದ ಒಂದು ವಾರಪತ್ರಿಕೆಯ ವರದಿಗಾರ. ನಲ್ಲಿ ನೀರು, ಕಟ್ಟಿಕೊಂಡ ಮೋರಿ, ಗಣೇಶನ ಪೆಂಡಾಲು ಇವನ್ನೆಲ್ಲ ಬರೆದಾದ ಮೇಲೆ ಕೊನೆಯ ಪುಟದ ಮೂಲೆಯಲ್ಲಿ ತಮ್ಮ ಖುಷಿಗೆ ಒಂದು ಅಂಕಣ ಬರೆಯುತ್ತಿದ್ದರು. ಸೈರನ್ ಕೂಗಿದಾಗ ಕಾರ್ಖಾನೆಯ ನಾಯಿ ಯಾಕೆ ಗೇಟಿನ ಕಡೆ ಮುಖ ಮಾಡುತ್ತದೆ, ರಾತ್ರಿ ಪಾಳಿ ಮುಗಿಸಿ ಬಂದವನ ಮನೆಯಲ್ಲಿ ಮಕ್ಕಳು ಹೇಗೆ ಸದ್ದಿಲ್ಲದೆ ಆಡುತ್ತವೆ, ಇಂಥವು. ಬರೆದದ್ದನ್ನು ಮೊದಲು ನನಗೆ ಓದಿ ಹೇಳುತ್ತಿದ್ದರು.

ಆ ವರ್ಷ ಕಾರ್ಖಾನೆ ಮಾಲೀಕರ ಒಂದು ತಂಡ ಜರ್ಮನಿಯ ಯಂತ್ರಮೇಳಕ್ಕೆ ಹೊರಟಿತು. ಸುದ್ದಿ ಬರೆಯಲಿ ಎಂದು ಅಪ್ಪನನ್ನೂ ಜೊತೆಗೆ ಕರೆದರು.

"ಆಸಾಡ್ದಲ್ಲಿ ಯಾರ್ಲಾ ಓಯ್ತಾರೆ ಪರದೇಸಕ್ಕೆ?" ಎಂದರು ಅಜ್ಜಿ. ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದವರು ಅವರು.

"ಅಲ್ಲಿ ಆಷಾಢ ಇಲ್ಲ ಕಣಮ್ಮ," ಎಂದು ಅಪ್ಪ ನಕ್ಕರು. ಭಾನುವಾರ ಮೂಲೆಯ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡುವುದಾಗಿ ಹೇಳಿ ಹೋದರು.

ಅಪ್ಪ ಹೋದ ವಾರದ ಶನಿವಾರ. ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ಎರಡನೇ ಪೀರಿಯಡ್ ನಡೆಯುತ್ತಿತ್ತು. ಸಿಸ್ಟರ್ ಒಳಗೆ ಬಂದು, ಎಲ್ಲರೂ ಕಣ್ಣು ಮುಚ್ಚಿ, ತೀರಿಹೋದ ಒಬ್ಬರಿಗಾಗಿ ಪ್ರಾರ್ಥನೆ ಮಾಡಿ ಎಂದರು. ನಾನೂ ಕಣ್ಣು ಮುಚ್ಚಿ ಕೈಮುಗಿದೆ. ಹೊರಗೆ ಜಡಿಮಳೆ. ಸಿಸ್ಟರ್ ಮೆಲ್ಲಗೆ ಹೇಳಿದ ಪ್ರತಿ ಸಾಲನ್ನೂ ಎಲ್ಲರ ಜೊತೆ ನಾನೂ ಹೇಳಿದೆ. ಕೊನೆಯ ಸಾಲಿನಲ್ಲಿ ಅಪ್ಪನ ಹೆಸರು ಬಂತು. ಅಷ್ಟರಲ್ಲಿ ನನ್ನ ಬಾಯಿಂದಲೂ ಅದು ಹೊರಟುಹೋಗಿತ್ತು.

ಕಣ್ಣು ತೆರೆದಾಗ ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು.

ನಡೆದದ್ದು ಇಷ್ಟು. ನಮ್ಮ ಕಡೆ ಯಾರಾದರೂ ವಿದೇಶಕ್ಕೆ ಹೋದರೆ ಗೆಳೆಯರು ಪತ್ರಿಕೆಯಲ್ಲಿ ಫೋಟೋ ಹಾಕಿಸಿ ಶುಭ ಕೋರುವ ರೂಢಿ. ಅಪ್ಪನ ಪತ್ರಿಕೆಯ ಆ ಶನಿವಾರದ ಸಂಚಿಕೆಗೆ ಪುಟ ಕಟ್ಟುವವನು ಹಿಂದಿನ ವಾರದ ಶ್ರದ್ಧಾಂಜಲಿಯ ಚೌಕಟ್ಟನ್ನೇ ಎತ್ತಿಕೊಂಡಿದ್ದ. ಫೋಟೋ ಬದಲಾಯಿಸಿದ, ಹೆಸರು ಬದಲಾಯಿಸಿದ. ಕಪ್ಪು ಅಂಚು, ಎರಡೂ ಪಕ್ಕದ ದೀಪಗಳು, "ಅಗಲಿಕೆಯಿಂದ ನೊಂದಿರುವ ಗೆಳೆಯರು" ಎಂಬ ಸಾಲು ಹಾಗೇ ಉಳಿದವು. ಅದು ನಮಗೆ ತಿಳಿದದ್ದು ಆಮೇಲೆ. ಅಂದು ಅಮ್ಮ ಓಡಿಹೋದಾಗ ಪತ್ರಿಕೆಯ ಕಚೇರಿಗೆ ಬೀಗ ಹಾಕಿತ್ತು.

ನಾನು ಮನೆಗೆ ಬಂದಾಗ ಬೀದಿಯ ಶೆಡ್ಡುಗಳೆಲ್ಲ ನಿಂತಿದ್ದವು. ಲಗ್ಗೆರೆಯಲ್ಲಿ ಅಂಥ ಮೌನವನ್ನು ನಾನು ಕೇಳಿರಲೇ ಇಲ್ಲ. ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಮಲ್ಲಣ್ಣ ಬಾಗಿಲಲ್ಲಿ ಪತ್ರಿಕೆ ಹಿಡಿದು ನಿಂತಿದ್ದ.

"ಅಕ್ಕಾರ, ನಾ ಎರಡ ಸಲ ಓದೀನ್ರಿ. ಅಣ್ಣಾರ ಫೋಟೋನ ಐತ್ರಿ," ಎಂದು ಅಮ್ಮನಿಗೆ ಹೇಳುತ್ತ ಅವನೇ ಅಳುತ್ತಿದ್ದ.

"ಫೋನ್ ಬರೋವರ್ಗೂ ನಾನು ನಂಬಲ್ಲ," ಎಂದಳು ಅಮ್ಮ. ಅವಳ ಬೆನ್ನ ಹಿಂದೆ ಅಜ್ಜಿ ಒಲೆಗೆ ನೀರು ಸುರಿದಾಗಿತ್ತು. ಅಕ್ಕಪಕ್ಕದವರು ಅನ್ನ, ಸಪ್ಪೆ ಸಾರು ತಂದಿಟ್ಟರು. ಹಸಿವಾಗಿ ನಾನು ತಿಂದೆ. ತಿನ್ನುವ ನನ್ನನ್ನು ಕಂಡು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಭಾನುವಾರ ಎಸ್‌ಟಿಡಿ ಅಂಗಡಿಯವರು ಮಳೆಯಲ್ಲೇ ಓಡಿ ಬಂದರು. "ಲೈನಲ್ಲಿದಾರೆ ಮೇಡಂ! ಬೇಗ ಬನ್ನಿ!" ಅಮ್ಮ ರಿಸೀವರ್ ಹಿಡಿದು ಏನೂ ಮಾತಾಡದೆ ನನ್ನ ಕಿವಿಗೆ ಒತ್ತಿದಳು. "ನಾನೇ ಕಣೇ. ಯಾಕೆ ಮಾತಾಡ್ತಿಲ್ಲ?" ಅಪ್ಪನ ದನಿ ಬಾವಿಯ ತಳದಿಂದ ಬಂದಂತಿತ್ತು.

ಮನೆಯಲ್ಲಿ ಎಲ್ಲರೂ ನಗುತ್ತ ಅಳುತ್ತ ಕಾಫಿ ಕುಡಿದರು. ಅಜ್ಜಿ ಮಾತ್ರ ಕುಡಿಯಲಿಲ್ಲ. "ಒಲೆ ಆರ್ಸಿದ್ದೀನಿ. ಊರೆಲ್ಲ ಅತ್ತೈತೆ. ಸತ್ತೋದೋನು ಸತ್ತಂಗೇ. ಬರೋನು ಮಗೀನಂಗೆ ಮತ್ತೆ ಉಟ್ಟೇ ಬರ್ಬೇಕು. ಇಲ್ದಿದ್ರೆ ಬ್ಯಾರೆ ಏನೋ ಅವನ ಜೊತೆ ಬತ್ತದೆ."

ಅಪ್ಪ ಬಂದಾಗ ಅಜ್ಜಿ ಮುಂಬಾಗಿಲು ತೆರೆಯಲಿಲ್ಲ. ಸೂಟ್‌ಕೇಸ್ ಹಿಡಿದ ಅಪ್ಪ ನಗುತ್ತಲೇ ಪಕ್ಕದ ಸಂದಿಯಲ್ಲಿ ನಡೆದು ಹಿತ್ತಲಿಗೆ ಬಂದರು. ನಾನು ಓಡಿಹೋಗಿ ಅಪ್ಪಿಕೊಳ್ಳಲು ನೋಡಿದೆ. "ಈಗ್ಲೇ ಮುಟ್ಬ್ಯಾಡ," ಎಂದು ಅಜ್ಜಿ ನನ್ನ ಜಡೆ ಹಿಡಿದರು. ಅರಿಶಿನದ ನೀರು ಹೊಯ್ದು, ತಮ್ಮ ಹಳೆಯ ಸೀರೆ ಸುತ್ತಿ, ಎಳೆಮಗುವನ್ನು ಮಲಗಿಸುವ ಮೊರದಲ್ಲಿ ಅಪ್ಪನ ಪಾದಗಳನ್ನಿಡಿಸಿದರು. ಅಪ್ಪ ಮೊದಲು ತಮಾಷೆ ಮಾಡುತ್ತಿದ್ದರು. "ಹಾಲು ಕುಡಿಸ್ತೀಯೇನಮ್ಮ?" ಎಂದರು. ಯಾರೂ ನಗಲಿಲ್ಲ.

ಹೆಸರಿಡುವಾಗ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಮಗುವಿನ ಸೋದರತ್ತೆ. ಅಪ್ಪನಿಗೆ ಅಕ್ಕತಂಗಿಯರಿರಲಿಲ್ಲ. ಮನೆಯ ಹೆಣ್ಣುಮಗಳೆಂದು ನನ್ನನ್ನು ಕರೆದರು.

"ತಿಪ್ಪಣ್ಣ ಅನ್ನು. ತಿಪ್ಪೇಲಿ ಬಿದ್ದಿರೋನ್ನ ಸಾವು ಎತ್ಕೊಂಡೋಗಲ್ಲ."

"ನಮ್ಮಪ್ಪಂಗೆ ಹೆಸರಿದೆ. ನಾನು ಹೇಳಲ್ಲ."

"ಆ ಎಸ್ರಿಗೆ ಊರು ಅತ್ತಾಯ್ತು ಕಣವ್ವ. ನಿಂಗೆ ಅಪ್ಪ ಬೇಕೋ ಬ್ಯಾಡ್ವೋ?"

ಬೇಕಿತ್ತು. ಬೇಕೆಂದೇ ನಾನು ಆ ಒದ್ದೆ ಕಿವಿಯ ಹತ್ತಿರ ಬಗ್ಗಿದೆ. ಅರಿಶಿನದ ಜೊತೆ ಯಾವುದೋ ಗೊತ್ತಿಲ್ಲದ ಸೋಪಿನ ವಾಸನೆ. ಮೂರು ಸಲ ಹೇಳಿದೆ. ಮೊದಲೆರಡು ಸಲ ಅವರು ನೆಲ ನೋಡುತ್ತಿದ್ದರು. ಮೂರನೆಯದಕ್ಕೆ "ಹ್ಞೂಂ" ಎಂದು ನನ್ನತ್ತ ತಿರುಗಿದರು.

ಆಮೇಲೆ ಎಲ್ಲವೂ ಮೊದಲಿನಂತೆಯೇ ಇತ್ತು. ತಂದ ಚಾಕೊಲೇಟುಗಳನ್ನು ತಿಂದು ಅವುಗಳ ಬಂಗಾರದ ಕಾಗದವನ್ನು ಪುಸ್ತಕದಲ್ಲಿ ಒತ್ತಿಟ್ಟೆ. ಆದರೆ ಬೀದಿಯಲ್ಲಿ ಯಾರಾದರೂ "ರಾಮಚಂದ್ರಣ್ಣ" ಎಂದು ಕೂಗಿದರೆ ಅಪ್ಪ ತಿರುಗುತ್ತಿರಲಿಲ್ಲ. ಕೂಗಿದವರು ಹತ್ತಿರ ಬಂದು ಭುಜ ಮುಟ್ಟಬೇಕಿತ್ತು. ಮೋರಿ, ನಲ್ಲಿಯ ವರದಿಗಳನ್ನು ಬರೆದರು. ಅಂಕಣ ಮತ್ತೆ ಬರೆಯಲೇ ಇಲ್ಲ. ಜರ್ಮನಿಯ ಬಗ್ಗೆ ಒಂದು ಸಾಲೂ ಇಲ್ಲ. ಭಾನುವಾರ ಮಧ್ಯಾಹ್ನ ಪಕ್ಕದಲ್ಲಿ ಮಲಗಿ ನಾನು ಪೀಡಿಸಿದಾಗ ಮಾತ್ರ ಹೇಳುತ್ತಿದ್ದರು.

"ಅಲ್ಲಿ ಬಸ್ಸು ಸದ್ದೇ ಮಾಡಲ್ಲ ಪುಟ್ಟಿ. ಅವನು ಸ್ಟಾಪಲ್ಲಿ ಒಬ್ನೇ ಕೂತಿದ್ದ. ಬಸ್ ಬಂತು, ಬಾಗ್ಲು ತೆಗೀತು. ಯಾರೂ ಇಳೀಲಿಲ್ಲ, ಯಾರೂ ಹತ್ತಲಿಲ್ಲ. ಬಾಗ್ಲು ಹಾಕ್ಕೊಂಡು ಹೋಯ್ತು."

"ಅವನು ಅಂದ್ರೆ ಯಾರಪ್ಪ?"

"ಅವನೇ. ಹೋಗಿದ್ನಲ್ಲ."

ಒಮ್ಮೆ ಬಾಗಲಗುಂಟೆಯ ಹೋಟೆಲಿನಲ್ಲಿ ನಮ್ಮೆದುರು ಕೂತವರು ಪತ್ರಿಕೆ ಮಡಚುತ್ತ, "ಕೊನೇ ಪೇಜಲ್ಲಿ ರಾಮಚಂದ್ರ ಅಂತ ಬರೀತಿದ್ರು ನೋಡಿ ಸಾರ್, ಏನ್ ಕೈ ಅವ್ರದ್ದು! ಪಾಪ, ಹೋಗ್ಬಿಟ್ರು," ಎಂದರು. ಶ್ರದ್ಧಾಂಜಲಿಯ ಮರುವಾರ ಹಾಕಿದ್ದ ಚಿಕ್ಕ ತಿದ್ದುಪಡಿಯನ್ನು ಅವರು ಓದಿರಲಿಲ್ಲ. ಮೇಜಿನ ಕೆಳಗೆ ನಾನು ಅಪ್ಪನ ಅಂಗಿ ಜಗ್ಗಿದೆ. ಹೇಳಪ್ಪ, ನೀನೇ ಅಂತ ಹೇಳು.

ಅಪ್ಪ ದೋಸೆ ಮುರಿಯುತ್ತ, "ಹೌದು, ಚೆನ್ನಾಗಿ ಬರೀತಿದ್ದ," ಎಂದರು.

ಈಗ ಆ ಶೆಡ್ಡುಗಳ ಜಾಗದಲ್ಲಿ ಒಂದರ ಮೇಲೊಂದು ಬಾಡಿಗೆ ಮನೆಗಳು ಎದ್ದಿವೆ. ಆ ವಾರಪತ್ರಿಕೆಯೂ ಇಲ್ಲ, ಆ ಎಣ್ಣೆಯ ವಾಸನೆಯೂ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನವರು ಜರ್ಮನಿಗೆ ಹೋಗಿ ಇಳಿಯುವ ಮೊದಲೇ ಅಲ್ಲಿನ ಚಿತ್ರಗಳು ನಮ್ಮ ಫೋನಿಗೆ ಬಂದಿರುತ್ತವೆ. ಅಜ್ಜಿ ಹೋದ ಮೇಲೂ ಅಮ್ಮ ಅಪ್ಪನನ್ನು ತಿಪ್ಪಣ್ಣನೆಂಬ ಹೆಸರು ಬಿಟ್ಟು ಬೇರೆ ಹೆಸರಿನಿಂದ ಕರೆಯಲಿಲ್ಲ. ಅಪ್ಪ ಕಳೆದ ವರ್ಷ ತೀರಿಕೊಂಡರು. ತುಂಬು ವಯಸ್ಸು. ನನ್ನ ಮಕ್ಕಳಿಗೆ ಗಾಳಿಪಟ ಕಟ್ಟಿಕೊಟ್ಟವರು, ನನ್ನ ಬಾಣಂತನದಲ್ಲಿ ರಾತ್ರಿಯಿಡೀ ತೊಟ್ಟಿಲು ತೂಗಿದವರು. ಅವರಿಗಾಗಿ ನಾವೆಲ್ಲ ಮನಸಾರೆ ಅತ್ತೆವು.

ಆದರೆ ನಾಯಿಯ ಬಗ್ಗೆ, ಸದ್ದಿಲ್ಲದೆ ಆಡುವ ಮಕ್ಕಳ ಬಗ್ಗೆ ಬರೆದು ಮೊದಲು ನನಗೆ ಓದಿ ಹೇಳುತ್ತಿದ್ದವರೊಬ್ಬರಿದ್ದರು. ಆ ಭಾನುವಾರ ಫೋನ್ ಬಂತೆಂದು ನಾವು ಅಳುವನ್ನು ಅರ್ಧಕ್ಕೇ ನಿಲ್ಲಿಸಿದ್ದೆವು. ಅವರಿಗಾಗಿ ಪೂರ್ತಿ ಅತ್ತವರು ಯಾರೂ ಇಲ್ಲ.