ಮದುವೆ ಪೆಟ್ಟಿಗೆಯೂ ಮೂರು ಗಂಟೆಯ ಗುಡುಗೂ

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಮದುವೆಗಳು ನಮ್ಮ ಮನೆಯ ಒಂದು ಕಪ್ಪು ಪೆಟ್ಟಿಗೆಯೊಳಗೆ ಕೂತಿವೆ. ಪೆಟ್ಟಿಗೆ ಎಂದರೆ ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದೊಡ್ಡದು, ಅಷ್ಟೆ. ಒಳಗೆ ನಾಲ್ಕು ಹಾರ್ಡ್ ಡಿಸ್ಕ್, ಹಿಂದೆ ಒಂದು ನೆಟ್‌ವರ್ಕ್ ತಂತಿ. ನನ್ನ ಗಂಡ ಮದುವೆಗಳಲ್ಲಿ ಕ್ಯಾಮರಾ ಹಿಡಿಯುವವರು, ನಾನು ಮನೆಯಲ್ಲಿ ಕೂತು ಕತ್ತರಿಸಿ ಜೋಡಿಸುವವಳು. ಅವರು ತಂದದ್ದನ್ನೆಲ್ಲ ಈ ಪೆಟ್ಟಿಗೆಗೆ ಸುರಿಯುತ್ತಾರೆ. ಅವರ ಕಂಪ್ಯೂಟರೂ ನನ್ನ ಲ್ಯಾಪ್‌ಟಾಪೂ ತಂತಿಯ ಮೂಲಕ ಅದರಿಂದ ಬೇಕಾದ್ದನ್ನು ಎತ್ತಿಕೊಳ್ಳುತ್ತವೆ. ನನ್ನ ಅತ್ತೆ ಇದಕ್ಕೆ ಮದುವೆ ಪೆಟ್ಟಿಗೆ ಎಂದು ಹೆಸರಿಟ್ಟಿದ್ದಾರೆ. ಅದರೊಳಗೆ ಈಗ ಒಟ್ಟಿಗಿಲ್ಲದ ಗಂಡ ಹೆಂಡಿರೂ ಇದ್ದಾರೆ, ಮಾತು ಬಿಟ್ಟ ಬೀಗರೂ ಇದ್ದಾರೆ. ಒಳಗೆ ಮಾತ್ರ ಎಲ್ಲರೂ ನಗಾಡುತ್ತಿದ್ದಾರೆ.

ನಾನು ಸುಳ್ಯದವಳು, ಮನೆಮಾತು ಅರೆಭಾಷೆ. ಮದುವೆಯಾಗಿ ಬಂದದ್ದು ಪುತ್ತೂರು ಬಳಿಯ ಕುಂಬ್ರದ ಈ ತುಳು ಮನೆಗೆ. ಅತ್ತೆ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾರೆ, ಸಿಟ್ಟು ಬಂದರೆ ತುಳುವಿಗೆ ಇಳಿಯುತ್ತಾರೆ. ಹಾಲು ಉಕ್ಕಿದರೂ ಸರಿ, ಗೇಟಿನ ಚಿಲಕ ಮರೆತರೂ ಸರಿ, ಅವರದು ಒಂದೇ ತೀರ್ಪು: "ಸುಳ್ಯದವರಿಗೆ ಬುದ್ಧಿ ಸ್ವಲ್ಪ ತಡ." ಇಷ್ಟು ವರ್ಷವಾದರೂ ನನಗೆ ಇದಕ್ಕೊಂದು ತಕ್ಕ ಉತ್ತರ ಹೊಳೆದಿಲ್ಲ, ಅದರಿಂದ ಅವರ ಮಾತಿಗೆ ಇನ್ನಷ್ಟು ಬಲ ಬಂದಿದೆ.

ನಮ್ಮ ಕಡೆ ಮಳೆಗಾಲಕ್ಕೆ ಮುಂಚಿನ ಎರಡು ತಿಂಗಳು ಮಧ್ಯಾಹ್ನ ಮೂರು ಗಂಟೆ ಎಂದರೆ ಗುಡುಗಿನ ಹೊತ್ತು. ಬೆಟ್ಟದ ಕಡೆ ಒಂದು ಸಲ ಗುಡುಗಿದರೆ ಸಾಕು, ಮನೆಮನೆಯಲ್ಲೂ ಪ್ಲಗ್ ಎಳೆಯುವ ಕೆಲಸ ಶುರು. ಟಿವಿ, ಫ್ರಿಜ್, ಮಿಕ್ಸಿ, ಮೋಡೆಮ್ ಯಾವುದನ್ನೂ ಬಿಡುವುದಿಲ್ಲ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಕೆಳಗೆ ನೇತಾಡಿಸಬೇಕು. ಅತಿಥಿಗಳು ಬಂದಿದ್ದರೆ ಅವರೂ ಎದ್ದು ಕೈಜೋಡಿಸುತ್ತಾರೆ. ನಮ್ಮ ಮನೆಯಲ್ಲಿ ಈ ಖಾತೆ ಅತ್ತೆಯದು. ಹೋದ ವರ್ಷ ಅವರು ಒಂದು ಮದುವೆ ಊಟಕ್ಕೆ ಆಲಂಕಾರು ಎಂಬ ಊರಿಗೆ ಹೋಗಿದ್ದ ದಿನವೇ ಸಿಡಿಲು ಬಡಿದು, ಪೆಟ್ಟಿಗೆಗೆ ನೇರವಾಗಿ ಡ್ರೈವ್ ಸಿಕ್ಕಿಸುವ ತೂತು ಸುಟ್ಟುಹೋಯಿತು. ಅಲ್ಲಿಂದ ಮೇಲೆ ಅತ್ತೆ ಗುಡುಗಿನ ತಿಂಗಳಲ್ಲಿ ಊರು ಬಿಟ್ಟು ಹೋದದ್ದಿಲ್ಲ.

ಈ ವರ್ಷ ಪೆಟ್ಟಿಗೆ ಇದ್ದಕ್ಕಿದ್ದ ಹಾಗೆ ನಿಧಾನವಾಯಿತು. ಮೊದಲು ಒಂದು ಮುಹೂರ್ತದ ವೀಡಿಯೊ ಚಾ ಕುಡಿದು ಬರುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿಗೆ ಇಳಿಯುತ್ತಿತ್ತು. ಈಗ ಚಾ ಕುಡಿದು, ಅನ್ನಕ್ಕಿಟ್ಟು, ಊಟ ಮುಗಿಸಿ ಬಂದರೂ ವಧು ಇನ್ನೂ ಮಂಟಪಕ್ಕೆ ಬಂದಿರುತ್ತಿರಲಿಲ್ಲ. ನನಗೆ ಮಂಡೆಬಿಸಿ. ಗಂಡ ಫ್ಯಾನಿನ ಧೂಳು ಊದಿದರು, ಡಿಸ್ಕುಗಳನ್ನು ತೆಗೆದು ಒರೆಸಿ ಹಾಕಿದರು, ಕೊನೆಗೆ ಗಂಭೀರವಾಗಿ, "ಈಗಿನ ಮದುವೆಗಳೇ ಭಾರ ಮಾರಾಯ್ತಿ, ಅದೆಂತ ಮಾಡುದು ಪಾಪ" ಎಂದು ಕೈ ತೊಳೆದುಕೊಂಡರು. ಕುಣಿಯಲಾರದವಳಿಗೆ ನೆಲ ಡೊಂಕು.

ನಾನು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ, "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದ್ದೀರಾ ಮೇಡಂ?" ಎಂದಳು. ಫೋನ್ ಸ್ಪೀಕರಿನಲ್ಲಿತ್ತು. ಮಲ್ಲಿಗೆ ಕಟ್ಟುತ್ತಾ ಕೂತಿದ್ದ ಅತ್ತೆ ತಲೆ ಎತ್ತಿ, "ಎಂತ ಕೇಳುದು ಅವಳು? ದಿನಾ ಮಾಡುದಿಲ್ವಾ ನಾನು!" ಎಂದರು. ಅವಳು ಮಾತು ಬದಲಿಸಿ ದೀಪದ ಬಣ್ಣ ಹಸಿರೋ ಕಿತ್ತಳೆಯೋ ಎಂದು ಕೇಳಿದಳು. ಪೆಟ್ಟಿಗೆಯ ಎದುರಿನ ದೀಪ ಹಸಿರೇ ಇತ್ತು. ಹಿಂದುಗಡೆ ತಂತಿಯ ಹತ್ತಿರವೂ ಒಂದು ದೀಪ ಇರುತ್ತದೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹಾಗೇ ಎರಡು ವಾರ ಹೋಯಿತು.

ಆಗ ಬಂದವರು ಎದುರು ಮನೆಯ ಅಕ್ಕ. ಬ್ಯಾರಿ ಕುಟುಂಬ, ನಮ್ಮೆರಡು ಮನೆಯ ನಡುವೆ ಒಂದು ರಸ್ತೆ ಮಾತ್ರ. ಅವರ ದೊಡ್ಡ ಮಗಳ ಮದುವೆ ಆಗಷ್ಟೇ ಮುಗಿದಿತ್ತು. ಹುಡುಗಿಯ ಅಪ್ಪ ಗಲ್ಫಿನಲ್ಲಿ, ಎಷ್ಟು ಬೇಡಿದರೂ ರಜೆ ಸಿಗಲಿಲ್ಲ. ನಿಖಾಹ್‌ಗೆ ಅಪ್ಪನ ಬದಲು ಚಿಕ್ಕಪ್ಪ ಕೂತರು. ಹೆಂಗಸರ ಕಡೆ ಗಂಡಸರು ಕ್ಯಾಮರಾ ಹಿಡಿದು ಹೋಗುವ ಹಾಗಿಲ್ಲವಾದ್ದರಿಂದ ಮದರಂಗಿಯ ಸಂಜೆಯನ್ನೂ ಹುಡುಗಿಯ ಅಲಂಕಾರವನ್ನೂ ನಾನೇ ಚಿತ್ರಿಸಿದ್ದೆ. ಆ ವೀಡಿಯೊ ನೆಟ್ಟಿನಲ್ಲಿ, ಫೋನಿನಲ್ಲಿ ಕಳಿಸುವುದು ಬೇಡ, ಕೈಯಿಂದ ಕೈಗೇ ಹೋಗಬೇಕು ಎನ್ನುವುದು ಅಕ್ಕನ ಮಾತು. ಅವರ ತಮ್ಮ ಆ ದಿನ ಗಲ್ಫಿಗೆ ವಿಮಾನ ಹತ್ತುವವನಿದ್ದ. ಮೂರೂವರೆಗೆ ಮನೆಯಿಂದ ಹೊರಡುತ್ತಾನೆ, ಹಲ್ವ ಮತ್ತು ಉಪ್ಪಿನಕಾಯಿಯ ಜೊತೆ ಒಂದು ಡ್ರೈವೂ ಹೋಗುತ್ತದೆ ಎಂದು ಮೊದಲೇ ಮಾತಾಗಿತ್ತು.

ನಾನು ಆ ಮದುವೆಗೆ ಎರಡು ಗಂಟೆಯ ಚಂದದ ಸಿನಿಮಾ ಮಾಡಿಟ್ಟಿದ್ದೆ. ಹಿನ್ನೆಲೆಗೆ ಮೆಲ್ಲಗಿನ ಸಂಗೀತ, ಮದರಂಗಿ ಕೈ ನಿಧಾನವಾಗಿ ತಿರುಗುವುದು, ಎಲ್ಲ ಇತ್ತು. ನನ್ನ ಮಟ್ಟಿಗೆ ಆ ವರ್ಷದ ಅತ್ಯುತ್ತಮ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ಬಂದ ಅಕ್ಕ ಸೆರಗಿನ ತುದಿ ತಿರುವುತ್ತಾ ಹೇಳಿದರು: "ಗಲ್ಫಿಂದ ಅವರು ಬೆಳಿಗ್ಗೆ ಫೋನ್ ಮಾಡಿದ್ರು. ಅವರಿಗೆ ಕಟ್ ಮಾಡದ್ದು ಬೇಕಂತೆ."

"ಕಟ್ ಮಾಡದ್ದು ಅಂದ್ರೆ?"

"ಎಲ್ಲ. ಊಟ ಬಡಿಸುದು, ಮಕ್ಕಳು ಕೂಗುದು, ಎಲ್ಲ. ನಾನು ಅಲ್ಲಿ ಇದ್ದಿದ್ರೆ ಎಲ್ಲ ನೋಡ್ತಿದ್ದೆ ಅಲ್ವಾ, ಅದನ್ನೇ ಕಳಿಸು ಅಂದ್ರು."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಪಾಯಸ ಮಾಡಿ ಕರೆದರೆ, ಅಕ್ಕಿ ಬೆಲ್ಲ ಬೇರೆ ಬೇರೆ ಕೊಡಿ ಎಂದ ಹಾಗಾಯಿತು. ಆದರೆ ಅಕ್ಕನ ಮುಖ ನೋಡಿದ ಮೇಲೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಎಲ್ಲ ಕಚ್ಚಾ ವೀಡಿಯೊಗಳನ್ನು ಸಾಲಾಗಿ ಇಟ್ಟು, ಎಲ್ಲದರ ಕೊನೆಗೆ ನನ್ನ ಸಿನಿಮಾವನ್ನೂ ಸೇರಿಸಿದೆ. ಕೇಳಲಿ ಬಿಡಲಿ, ಅದು ಹೋಗಲೇಬೇಕು. ಪೆಟ್ಟಿಗೆಯ ತೂತು ಸುಟ್ಟಿದ್ದರಿಂದ ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕಾಪಿ ಶುರು ಮಾಡಿದೆ. ಐದು ಗಂಟೆ ಬಾಕಿ ಎಂದು ತೋರಿಸಿತು.

ಐದು ಗಂಟೆ! ಮೂರೂವರೆಗೆ ತಮ್ಮ ಹೊರಡಬೇಕು, ಅದಕ್ಕೂ ಮೊದಲು ಗುಡುಗು ಬರುತ್ತದೆ, ಗುಡುಗು ಬಂದರೆ ಅತ್ತೆ ಬರುತ್ತಾರೆ. ಗಂಡ ಕಡಬದ ಕಡೆ ಒಂದು ಮದುವೆಗೆ ಹೋಗಿದ್ದರು. ಅಕ್ಕ ಸೋಫಾದ ತುದಿಯಲ್ಲಿ ಕೂತು, "ಇನ್ನು ಯಾರಾದ್ರೂ ಹೋಗುದು ಆರು ತಿಂಗಳು ಕಳೆದೇ" ಎಂದರು, ನನಗಲ್ಲ, ತಮಗೇ ಹೇಳಿಕೊಂಡ ಹಾಗೆ.

ನಾನು ಪೆಟ್ಟಿಗೆ ಇಟ್ಟ ಕಪಾಟನ್ನು ಗೋಡೆಯಿಂದ ಈಚೆ ಎಳೆದು, ಟಾರ್ಚ್ ಹಿಡಿದು, ಪೆಟ್ಟಿಗೆಯ ಬೆನ್ನು ನೋಡಿದೆ. ತಂತಿಯ ಹತ್ತಿರದ ದೀಪ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು. ಆದರೆ ನಾನು ನೋಡಿದ್ದು ದೀಪವನ್ನಲ್ಲ. ನೆಟ್‌ವರ್ಕ್ ತಂತಿಯ ತುದಿಯನ್ನು ಯಾರೋ ಬಾಳೆನಾರಿನಲ್ಲಿ ಪೆಟ್ಟಿಗೆಗೆ ಕಟ್ಟಿ ಹಾಕಿದ್ದರು. ಅಚ್ಚುಕಟ್ಟಾದ ಕಟ್ಟು. ಮಲ್ಲಿಗೆ ಕಟ್ಟುವ ಕೈಗಳದ್ದೇ ಗಂಟು.

"ಅತ್ತೇ!"

ಅತ್ತೆ ಬಂದು ಬಾಗಿ ನೋಡಿದರು. ಗಾಬರಿಯೇನೂ ಆಗಲಿಲ್ಲ. "ಹೌದು, ನಾನೇ. ಆ ತಂತಿಯನ್ನೂ ಎಳಿಬೇಕಲ್ವಾ, ಸಿಡಿಲು ತಂತಿಯಲ್ಲೇ ಅಲ್ವಾ ಬರುದು? ಎಳೆದು ಎಳೆದು ಅದರ ಕೊಂಡಿ ತುಂಡಾಯ್ತು. ಸಿಕ್ಕಿಸಿದ್ರೆ ನಿಲ್ಲುದಿಲ್ಲ, ಬೀಳ್ತದೆ. ಅದಕ್ಕೆ ಕಟ್ಟಿದ್ದು. ದಿನಾ ಬಿಚ್ಚಿ ಕಟ್ಟುದು ನಾನೇ, ನಿನಗೆಂತ ತೊಂದರೆ ಆಯ್ತು?"

ಆ ತಂತಿಯೊಳಗೆ ಎಂಟು ಸಣ್ಣ ಎಳೆಗಳಿವೆ. ಎಂಟೂ ಸರಿಯಾಗಿ ತಾಗಿದರೆ ಓಟ. ಕೊಂಡಿ ಮುರಿದು ಒಂದೆರಡು ತಾಗದೆ ಹೋದರೆ ಪೆಟ್ಟಿಗೆ ಗಲಾಟೆ ಮಾಡುವುದಿಲ್ಲ, ಉಳಿದವುಗಳಲ್ಲಿ ನಾಲ್ಕನ್ನೇ ನಂಬಿ ಕುಂಟುತ್ತಾ ಹೋಗುತ್ತದೆ. ಪೂರ್ತಿ ಕೆಟ್ಟಿದ್ದರೆ ನಾವು ಮೊದಲ ದಿನವೇ ಹುಡುಕುತ್ತಿದ್ದೆವು. ಅತ್ತೆಯ ಗಂಟು ಎಷ್ಟು ಚೆನ್ನಾಗಿತ್ತೆಂದರೆ ತಂತಿ ಬೀಳಲೂ ಇಲ್ಲ, ಸರಿಯಾಗಿ ತಾಗಲೂ ಇಲ್ಲ. ಅರ್ಧ ಒಳ್ಳೆಯ ಕೆಲಸದಷ್ಟು ಪತ್ತೆಯಾಗದ ತೊಂದರೆ ಬೇರೆ ಇಲ್ಲ.

ಹೊಸ ತಂತಿಗೆ ಪೇಟೆಗೆ ಓಡುವಷ್ಟು ಹೊತ್ತಿರಲಿಲ್ಲ. ಗಂಡನ ಕಂಪ್ಯೂಟರಿನ ತಂತಿ ಕಣ್ಣಿಗೆ ಬಿತ್ತು. ಕಿತ್ತು ತಂದು ಪೆಟ್ಟಿಗೆಗೆ ಸಿಕ್ಕಿಸಿದೆ, ಟಕ್ ಎಂದು ಕೂತಿತು, ದೀಪ ಹಸಿರಾಯಿತು. ಮುರಿದದ್ದನ್ನು ಬಾಳೆನಾರಿನ ಸಮೇತ ಅವರ ಕಂಪ್ಯೂಟರಿಗೆ ಕಟ್ಟಿದೆ. ಮತ್ತೆ ಕಾಪಿ ಶುರು ಮಾಡಿದಾಗ ಮೂವತ್ತೈದು ನಿಮಿಷ ಎಂದಿತು. ಅಕ್ಕ ಏನೋ ಪ್ರಾರ್ಥನೆ ಹೇಳಿಕೊಂಡು ಮುಖದ ಮೇಲೆ ಕೈಯಾಡಿಸಿದರು.

ಅಷ್ಟರಲ್ಲಿ ಗುಡುಗಿತು.

ಅತ್ತೆ ಎದ್ದರು. ನಾನು ಪ್ಲಗ್ಗಿಗೆ ಅಡ್ಡ ನಿಂತೆ. "ಅತ್ತೆ, ಅರ್ಧ ಗಂಟೆ. ಬರೀ ಅರ್ಧ ಗಂಟೆ."

"ಸಿಡಿಲಿಗೆ ನಿನ್ನ ಅರ್ಧ ಗಂಟೆ ಗೊತ್ತುಂಟಾ? ಇಡೀ ಪೆಟ್ಟಿಗೆ ಸುಟ್ಟುಹೋದ್ರೆ ಊರಿನವರ ಮದುವೆ ಎಲ್ಲ ನೀನು ವಾಪಾಸು ಮಾಡಿಸ್ತೀಯಾ?"

ಆಗ ಅಕ್ಕ ಮೆಲ್ಲಗೆ, "ಅಮ್ಮ, ಅವರು ಮಗಳನ್ನು ಮದುಮಗಳಾಗಿ ನೋಡ್ಲೇ ಇಲ್ಲ" ಎಂದರು. ಅತ್ತೆ ಆ ಹುಡುಗಿಗೆ ಎಣ್ಣೆ ಹಚ್ಚಿ ಮೀಯಿಸಿದವರು, ಅವಳು ನಡೆಯಲು ಕಲಿತದ್ದು ನಮ್ಮ ಜಗಲಿಯಲ್ಲಿ. ಅವರು ಮುಕ್ಕಾಲಿ ಎಳೆದು ಸ್ವಿಚ್ ಬೋರ್ಡಿನ ಪಕ್ಕ ಕೂತು, ರಬ್ಬರ್ ಚಪ್ಪಲಿ ಹಾಕಿಕೊಂಡು, ಪ್ಲಗ್ಗಿನ ಮೇಲೆ ಕೈ ಇಟ್ಟರು. "ಕೂತಿದ್ದೇನೆ. ಹತ್ತಿರ ಬಂದ್ರೆ ಎಳೆಯುದೇ. ಆಮೇಲೆ ಕಣ್ಣೀರು ಹಾಕ್ಲಿಕ್ಕಿಲ್ಲ."

ಮುಂದಿನ ಗುಡುಗಿಗೆ ಕಿವಿ ಕೊಟ್ಟು, "ಇದು ಕಡಬದ್ದು. ಬರುದಿಲ್ಲ" ಎಂದರು. ಇನ್ನೊಂದಕ್ಕೆ, "ಇದು ಸುಳ್ಯದ್ದು. ಬರೀ ಶಬ್ದ" ಎಂದು ನನ್ನ ಕಡೆ ಓರೆಯಾಗಿ ನೋಡಿದರು. ನಾವಿಬ್ಬರು ಲ್ಯಾಪ್‌ಟಾಪಿನ ಹಸಿರು ಪಟ್ಟಿ ನೋಡುವುದು, ಅವರು ಕಿಟಕಿಯ ಆಚೆಯ ಕಪ್ಪು ನೋಡುವುದು. ಒಂದೊಂದೇ ವೀಡಿಯೊ ದಾಟಿತು. ನಿಖಾಹ್ ಹೋಯಿತು, ಊಟ ಹೋಯಿತು, ಮದರಂಗಿ ಹೋಯಿತು. ಕೊನೆಗೆ ಉಳಿದದ್ದು ನನ್ನ ಸಿನಿಮಾ. ಅದು ಅರ್ಧಕ್ಕೆ ಬಂದಾಗ ಕಿಟಕಿ ಇಡೀ ಬಿಳಿಯಾಯಿತು. "ಇದು ನಮ್ಮದು!" ಎಂದವರೇ ಅತ್ತೆ ಎಳೆದರು.

ಸಿಡಿಲು ಎಲ್ಲೋ ಹತ್ತಿರವೇ ಬಿತ್ತು, ನಮಗೇನೂ ಆಗಲಿಲ್ಲ. ನನ್ನ ವರ್ಷದ ಅತ್ಯುತ್ತಮ ಕೆಲಸವನ್ನು ಬಿಟ್ಟು ಉಳಿದದ್ದೆಲ್ಲ ಡ್ರೈವಿನಲ್ಲಿ ಸುರಕ್ಷಿತವಾಗಿತ್ತು. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮಳೆಯಲ್ಲೇ ರಸ್ತೆ ದಾಟಿ ಓಡಿದರು.

ಮರುದಿನದಿಂದ ಗಂಡ ತಮ್ಮ ಕಂಪ್ಯೂಟರ್ ಯಾಕೆ ಇಷ್ಟು ನಿಧಾನ ಎಂದು ಕಂಪನಿಯನ್ನು ಬೈಯತೊಡಗಿದರು. "ಈಗಿನ ಮದುವೆಗಳೇ ಭಾರ ಅಲ್ವಾ" ಎಂದೆ. ಅತ್ತೆ ಮಲ್ಲಿಗೆಯಿಂದ ಕಣ್ಣು ತೆಗೆಯಲಿಲ್ಲ. ನಾವಿಬ್ಬರೂ ಒಂದು ವಿಷಯದಲ್ಲಿ ಒಂದಾದದ್ದು ಅದೇ ಮೊದಲು. ಹೊಸ ತಂತಿ ತಂದುಕೊಡಲು ನನಗೆ ಒಂದು ವಾರ ಹಿಡಿಯಿತು.

ಆ ವಾರದ ಕೊನೆಗೆ ಅಕ್ಕ ಫೋನ್ ಹಿಡಿದುಕೊಂಡು ಬಂದರು. ಗಲ್ಫಿನಿಂದ ಅವರ ಗಂಡ ಕಳಿಸಿದ ಧ್ವನಿ, ಅಮ್ಮನಿಗೆ ಕೇಳಿಸಬೇಕಂತೆ ಎಂದು ಅತ್ತೆಯ ಮುಂದೆ ಹಿಡಿದರು. ಹುಡುಗಿಯ ಅಪ್ಪ ಅದರಲ್ಲಿ ಮಗಳ ಬಗ್ಗೆ ಹೇಳಿದರು, ಒಡವೆ ಚೆನ್ನಾಗಿ ಕಾಣುತ್ತದೆ ಎಂದರು. ಆಮೇಲೆ ಮದರಂಗಿಯ ಸಂಜೆಯ ಮಾತು ತೆಗೆದರು. ಆ ಸಂಜೆಯೂ ಗುಡುಗಿತ್ತು. ಹೆಂಗಸರ ನಡುವೆ ಕೂತಿದ್ದ ನನ್ನ ಅತ್ತೆ ತುಳುವಿನ ಸಿಡಿಲಿಗೆ ಕನ್ನಡ ಸೇರಿಸಿ, "ತೆಡಿಲ್! ತೆಡಿಲ್! ಪ್ಲಗ್ ತೆಗೀರಿ!" ಎಂದು ಕಿರುಚಿದ್ದರು, ದೀಪವೆಲ್ಲ ಆರಿ, ತಗಡು ಶೀಟಿನ ಮೇಲೆ ಮಳೆ ಸುರಿದು, ಕತ್ತಲಲ್ಲಿ ಹುಡುಗಿಯರು ಬಿದ್ದು ಬಿದ್ದು ನಕ್ಕಿದ್ದರು. ಹತ್ತು ನಿಮಿಷ ಬರೀ ಕಪ್ಪು ಮತ್ತು ಶಬ್ದ. ನಾನು ಮೊದಲು ಕತ್ತರಿಸಿ ಎಸೆದದ್ದೇ ಆ ತುಂಡನ್ನು.

"ಇಲ್ಲಿ ಗುಡುಗು ಎಲ್ಲಿ ಉಂಟು ಅಮ್ಮ" ಎಂದಿತು ಫೋನು. "ಹೆಂಗಸರದ್ದು ನಾನೊಬ್ಬನೇ ಕೂತು ನೋಡಿದೆ. ಆದ್ರೆ ಆ ಕತ್ತಲಿನ ಹತ್ತು ನಿಮಿಷ ಇಡೀ ರೂಮಿನವರಿಗೆ ಕೇಳಿಸಿದೆ. ನಿಮ್ಮ ಬೊಬ್ಬೆ ಕೇಳಿದ್ದೇ ತಡ, ನಮ್ಮ ರೂಮಲ್ಲಿ ಸುಳ್ಯದವನೊಬ್ಬ ಇದ್ದಾನೆ, ಅವ ಮಂಚದಿಂದ ಎದ್ದು ಹೋಗಿ ಟಿವಿಯ ಪ್ಲಗ್ಗೇ ಎಳೆದು ಹಾಕಿದ. ಎಲ್ಲರೂ ನಗಾಡಿದೆವು. ಆಮೇಲೆ ಒಬ್ಬೊಬ್ಬನೇ ಎದ್ದು ಊರಿಗೆ ಫೋನ್ ಮಾಡ್ಲಿಕ್ಕೆ ಹೋದ."

ಅಕ್ಕ ಫೋನನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಅತ್ತೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ನೋಡು, ಸುಳ್ಯದಲ್ಲೂ ಒಬ್ಬನಿಗೆ ಬುದ್ಧಿ ಉಂಟು."