ನನ್ನ ಮಿದುಳಿನ ಎರಡು ಅಳತೆ

ನಮ್ಮ ಮನೆಯಲ್ಲಿ ಗುಟ್ಟು ಮಾತಾಡಲು ಇಂಗ್ಲಿಷು ಪ್ರಯೋಜನಕ್ಕೆ ಬರುವುದಿಲ್ಲ. ಮೊಮ್ಮಗಳಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಬೆಳಿಗ್ಗೆ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ತನ್ನ ಗೈಡ್ ಜೊತೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದಳು. ನಾನು ಬಚ್ಚಲ ಕಿಟಕಿಯ ಈಚೆ ಬಟ್ಟೆ ಹಿಂಡುತ್ತಿದ್ದೆ. ‘ಶ್ರಿಂಕೇಜ್’ ಎಂದಳು. ‘ಫಾರ್ ಟೂ ಮಚ್ ಫಾರ್ ಒನ್ ಇಯರ್’ ಎಂದಳು. ಕೊನೆಗೆ, ‘ಸರ್, ಶಿ ಈಸ್ ಮೈ ಗ್ರ್ಯಾಂಡ್‌ಮದರ್’ ಎಂದಳು.

ಕೈಯಲ್ಲಿದ್ದ ಟವೆಲನ್ನು ಮತ್ತೆ ಬಕೆಟ್ಟಿಗೇ ಹಾಕಿದೆ.

ಇವಳು ನನ್ನ ಮಗಳ ಮಗಳು. ಮಿದುಳಿನ ಸ್ಕ್ಯಾನುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಮರೆವಿನ ಕಾಯಿಲೆಯವರ ಜೊತೆ ಹೋಲಿಸಿ ನೋಡಲು ಆರೋಗ್ಯವಾಗಿರುವ ಮುದುಕ ಮುದುಕಿಯರೂ ಬೇಕಂತೆ; ಅಂಥವರನ್ನು ‘ಕಂಟ್ರೋಲ್’ ಎನ್ನುತ್ತಾರೆ. ನಾನು ಓದಿದ ಕಾನ್ವೆಂಟಿನಲ್ಲಿ ನಕ್ಕರೆ ಸಿಸ್ಟರ್ ‘ಕಂಟ್ರೋಲ್ ಯುವರ್‌ಸೆಲ್ಫ್’ ಎಂದು ಗದರುತ್ತಿದ್ದರು. ಈ ವಯಸ್ಸಿಗಾದರೂ ಕಂಟ್ರೋಲ್ ಆದೆನಲ್ಲ ಎಂದು ಒಪ್ಪಿಕೊಂಡಿದ್ದೆ. ಒಂದು ವರ್ಷದ ಅಂತರದಲ್ಲಿ ಎರಡು ಸ್ಕ್ಯಾನ್. ಎರಡನೆಯದರ ಹೊತ್ತಿಗೆ ನನಗೆ ಜಾಂಡೀಸ್ ಬಂದು ಎಲ್ಲರಿಗಿಂತ ತಡವಾಯಿತು. ಉಳಿದವರ ಮಿದುಳಿನ ಅಳತೆಯನ್ನೆಲ್ಲ ಲ್ಯಾಬಿನ ಕಂಪ್ಯೂಟರು ತೆಗೆದು ಮುಗಿಸಿತ್ತು. ನನ್ನದೊಂದೇ ಬಾಕಿ. ರಜಕ್ಕೆ ಸಾಗರಕ್ಕೆ ಬಂದವಳು ಅದನ್ನು ತನ್ನ ಹೊಸ ಲ್ಯಾಪ್‌ಟಾಪಿನಲ್ಲೇ ಮಾಡಿಬಿಡುತ್ತೇನೆ ಎಂದು ತಂದಿದ್ದಳು.

ಲ್ಯಾಪ್‌ಟಾಪು ಸುಲಭಕ್ಕೆ ಒಪ್ಪಲಿಲ್ಲ. ಒಂದು ದಿನವಿಡೀ ‘ಕಮಾಂಡ್ ನಾಟ್ ಫೌಂಡ್’. ಅದು ಸರಿಹೋದರೆ ‘ಲೈಸೆನ್ಸ್ ಫೈಲ್ ನಾಟ್ ಫೌಂಡ್’. ಅದೂ ಸರಿಹೋಗಿ, ಒಂದಷ್ಟು ಹೊತ್ತು ಓಡಿ, ಕಾರಣವನ್ನೇ ಹೇಳದೆ ಒಂದು ಪದ ಬರೆದು ನಿಂತಿತು: ‘ಕಿಲ್ಡ್’.

“ಎಂತ ಆಯ್ತೇ?” ಎಂದೆ.

“ಮೆಮೊರಿ ಸಾಕಾಗ್ಲಿಲ್ಲ ಅಜ್ಜಿ.”

“ಯಾರ್ದು?”

“ಅಯ್ಯೋ, ಲ್ಯಾಪ್‌ಟಾಪಿಂದು ಮಾರಾಯ್ತಿ!”

ಅವಳಿಗೆ ಸಿಟ್ಟು ಬರುತ್ತಿದ್ದುದು ‘ಎನ್ವಿರಾನ್‌ಮೆಂಟ್ ನಾಟ್ ಸೆಟ್’ ಎಂಬ ಎರರ್‌ಗೆ. ಹಾಗೆಂದರೇನು ಎಂದು ಕೇಳಿದ್ದಕ್ಕೆ, “ಸಾಫ್ಟ್‌ವೇರ್ ಎಲ್ಲಿದೆ, ಸ್ಕ್ಯಾನ್ ಎಲ್ಲಿದೆ, ಯಾವ ವರ್ಷನ್ ಬೇಕು, ಎಲ್ಲ ಮೊದ್ಲೇ ಹೇಳ್ಬೇಕು. ಆ ವಿಂಡೋ ಮುಚ್ಚಿ ಹೊಸದು ತೆಗೆದ್ರೆ ಮತ್ತೆ ಮೊದಲಿಂದ ಹೇಳ್ಬೇಕು. ಹಿಂದಿಂದು ಅದಕ್ಕೆ ನೆನಪಿರಲ್ಲ” ಎಂದಳು.

ಪೇಪರ್ ಓದುತ್ತಿದ್ದ ನಮ್ಮನೆಯವರು ತಲೆ ಎತ್ತಿದರು. ಜೋಗದ ಪವರ್‌ಹೌಸಿನಲ್ಲಿ ಕೆಲಸ ಮಾಡಿ, ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ ಬಾಳಿ, ರಿಟೈರಾದ ಮೇಲೆ ಈ ಊರಿಗೆ ಬಂದವರು.

“ಸಂಕಲ್ಪ ಇದ್ದಂಗೆ ಅನ್ನು. ಅದೇ ದೇವರಗೂಡಿನ ಮುಂದೆ ಅದೇ ಮಣೆ ಮೇಲೆ ಕೂತ್ರೂ ದಿನಾ ಹೇಳ್ಬೇಕು. ಯಾವ ದೇಶ, ಯಾವ ನದಿಯ ಯಾವ ದಡ, ಯಾವ ಸಂವತ್ಸರ, ಯಾವ ತಿಥಿ, ನಾನ್ಯಾರು ಅಂತ. ನಿನ್ನೆ ಹೇಳಿದ್ದು ಇವತ್ತಿಗೆ ನಡೆಯಲ್ಲ.”

“ನಿಮ್ಮ ದೇವ್ರು ಎರರ್ ಕೊಡಲ್ವಲ್ಲ ಅಜ್ಜ.”

“ಕೊಡ್ತಾನೆ. ನಿಮ್ಮಜ್ಜಿ ಬಾಯಲ್ಲಿ ಕೊಡಿಸ್ತಾನೆ.”

ಅಂತೂ ಅದು ಓಡಿ ಮುಗಿದಿತ್ತು. ಒಂದೇ ವರ್ಷದಲ್ಲಿ ನನ್ನ ಮಿದುಳು ವಿಪರೀತ ಕುಗ್ಗಿದೆ ಎನ್ನುವ ಅಳತೆ ಬಂದಿತ್ತು. ಅದನ್ನು ನೋಡಿದವಳು ಆ ಬೆಳಿಗ್ಗೆ ಯಾರಿಗೂ ಏನೂ ಹೇಳದೆ ಫೋನ್ ಹಿಡಿದು ಹಿತ್ತಿಲಿಗೆ ಹೋಗಿದ್ದಳು.

ನಾನು ಹೆದರಿದ್ದಕ್ಕೆ ಬೇರೆ ಕಾರಣವೂ ಇತ್ತು. ಮಳೆಗಾಲದಲ್ಲಿ ಒಂದು ದಿನ ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ಬರಲಿಲ್ಲ. ಸಿಸ್ಟರ್ ಹೇಳಿಕೊಟ್ಟ ಉಚ್ಚಾರದ ಸಮೇತ ‘ಲೇಡಲ್’ ಬಂತು. ಅಮ್ಮ ಹೇಳಿಕೊಟ್ಟ ಪದ ಬರಲಿಲ್ಲ. ಹುಳಿ ಉಕ್ಕಿ ಒಲೆಯೆಲ್ಲ ಹಳದಿಯಾದ ಮೇಲೆ ‘ಸೌಟು’ ಎಂದು ನೆನಪಾಯಿತು. ಆಮೇಲೆ ಎರಡನೇ ಸ್ಕ್ಯಾನಿಗೆ ಹೋದಾಗ, ಅಲ್ಲಿನ ಹುಡುಗಿ ಇದು ಯಾವ ಊರು, ಯಾವ ತಿಂಗಳು, ಎಷ್ಟನೇ ಮಹಡಿ ಎಂದು ಕೇಳಿದಳು. ಮಹಡಿ ಹೇಳಲಾಗಲಿಲ್ಲ. ಲಿಫ್ಟಿನಲ್ಲಿ ಬಂದೆನಲ್ಲಮ್ಮ ಎಂದು ನಕ್ಕು ತಪ್ಪಿಸಿಕೊಂಡೆ. ಎರಡನ್ನೂ ಯಾರಿಗೂ ಹೇಳಿರಲಿಲ್ಲ.

ಮೊಮ್ಮಗಳು ಒಳಗೆ ಬಂದಳು. ನನ್ನನ್ನು ನೋಡಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಇಳಿಸಿದಳು.

“ಮುಚ್ಚಬೇಡ. ಎಲ್ಲ ಕೇಳಿಸ್ತು,” ಎಂದೆ. “ನಿಮ್ಮ ಸರ್ ಏನಂದ್ರು?”

“ಸಾಫ್ಟ್‌ವೇರ್ ತಪ್ಪಾ ಅಂತ ಮೊದ್ಲು ಚೆಕ್ ಮಾಡು ಅಂದ್ರು. ತಪ್ಪಲ್ಲ ಅಂದ್ರೆ...”

“ಅಂದ್ರೆ?”

“ನಿನ್ನನ್ನ ಸ್ಟಡಿಯಿಂದ ತೆಗೀಬೇಕು. ನ್ಯೂರಾಲಜಿಸ್ಟ್ ಹತ್ರ ಕರ್ಕೊಂಡು ಹೋಗ್ಬೇಕು.” ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. “ನಂಗೆ ಲಾಗ್ ಓದಕ್ಕೂ ಆಗ್ತಿಲ್ಲ ಅಜ್ಜಿ. ಕಣ್ಣು ಮಂಜಾಗ್ತಿದೆ.”

ಲಾಗ್ ಎಂದರೆ, ಆ ಸಾಫ್ಟ್‌ವೇರು ಹೆಜ್ಜೆ ಹೆಜ್ಜೆಗೂ ತಾನು ಮಾಡಿದ್ದನ್ನು ತಾನೇ ಬರೆದಿಡುವ ವರದಿ. ಹೋದ ವರ್ಷದ ಸ್ಕ್ಯಾನಿಗೊಂದು, ಈ ವರ್ಷದ್ದಕ್ಕೊಂದು. ಎರಡನ್ನೂ ಹೋಲಿಸಿ ನೋಡಬೇಕು.

“ಸರಿ, ಸರಿದು ಕೂತ್ಕೋ. ಹೊಸದನ್ನ ನಾನು ಓದ್ತೀನಿ. ಹಳೇದರ ಮೇಲೆ ನೀನು ಬೆರಳಿಟ್ಕೋ.”

ಕಾನ್ವೆಂಟಿನಲ್ಲಿ ಸಿಸ್ಟರ್ ಡಿಕ್ಟೇಷನ್ ಕೊಡುತ್ತಿದ್ದಂತೆ, ಒಂದೊಂದು ಪದವನ್ನೂ ಬಿಡಿಸಿ ಓದಿದೆ. ಅರ್ಥ ಆಗದಿದ್ದರೂ ಓದುವುದಕ್ಕೇನು. ಯಾವ ದಿನ, ಯಾವ ಕಂಪ್ಯೂಟರು, ಸ್ಕ್ಯಾನು ಎಲ್ಲಿದೆ. ಲಾಗಿನ ತಲೆಯ ಮೇಲೆ ನಿಜಕ್ಕೂ ನಮ್ಮನೆಯವರು ಹೇಳಿದ ಸಂಕಲ್ಪವೇ ಇತ್ತು. ಅವಳು ಒಂದೊಂದಕ್ಕೂ ‘ಹ್ಞೂಂ’ ಎನ್ನುತ್ತಿದ್ದಳು. ವರ್ಷನ್ನಿನ ಸಾಲು ಓದಿದಾಗ ‘ಹ್ಞೂಂ’ ಬರಲಿಲ್ಲ.

“ಇನ್ನೊಂದ್ಸಲ ಓದು.”

ಓದಿದೆ.

“ಇದು ಬೇರೆ ವರ್ಷನ್. ಅಯ್ಯೋ ದೇವ್ರೆ! ಲ್ಯಾಬಲ್ಲಿ ಹೋದ ವರ್ಷ ಮಾಡಿದ್ದು ಹಳೇದ್ರಲ್ಲಿ. ಅದನ್ನೇ ಇಲ್ಲೂ ಹಾಕಿದ್ದೆ. ಕಿಲ್ಡ್ ಅಂತ ಬಂತಲ್ಲ, ಆಗ ಇಂಟರ್‌ನೆಟ್ಟಲ್ಲಿ ಯಾರೋ ಹೇಳಿದ್ರು ಅಂತ ಹೊಸದನ್ನೂ ಹಾಕ್ದೆ. ಹಳೇದನ್ನ ತಗೋ ಅಂತ ಒಂದು ವಿಂಡೋದಲ್ಲಿ ಹೇಳಿ, ಓಡಿಸಿದ್ದು ಇನ್ನೊಂದು ವಿಂಡೋದಲ್ಲಿ! ಅದು ಹೊಸದನ್ನೇ ತಗೊಂಡಿದೆ.”

“ಅಂದ್ರೆ ನನ್ನ ಮಿದುಳು ಸರಿ ಇದ್ಯಾ?”

ಅವಳು ಮುಖ ಒರೆಸಿಕೊಂಡಳು. “ಗೊತ್ತಿಲ್ಲ ಅಜ್ಜಿ. ಎರಡು ವರ್ಷನ್ ಎರಡು ಥರ ಅಳೀತಾವೆ, ಅಷ್ಟು ಗೊತ್ತಾಯ್ತು. ಹಳೇದ್ರಲ್ಲೇ ಮತ್ತೆ ಓಡಿಸ್ಬೇಕು.”

ಹೊಸ ವರ್ಷನ್ ತೆಗೆದುಹಾಕಿದಳು. ಉಳಿದ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿದಳು. ಬೇಕಾದ ಸಾಲುಗಳನ್ನು ಈ ಸಲ ಓಡಿಸುವ ವಿಂಡೋದಲ್ಲೇ ಟೈಪ್ ಮಾಡಿ, ನನ್ನಿಂದ ಓದಿಸಿ, ಆಮೇಲೆ ಎಂಟರ್ ಒತ್ತಿದಳು. ನಾಳೆ ಬೆಳಿಗ್ಗೆವರೆಗೂ ಬೇಕಾಗಬಹುದು ಎಂದಳು.

ಮಧ್ಯಾಹ್ನ ಕರೆಂಟ್ ಹೋಯಿತು. ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಈ ಕೆಲಸಕ್ಕೆ ಅರ್ಧ ಗಂಟೆಯೂ ತಾಳುತ್ತಿರಲಿಲ್ಲ. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಇನ್ವರ್ಟರ್ ಇತ್ತು, ಆದರೆ ಹಳೆಯದು. ನಮ್ಮನೆಯವರಿಗೆ ಅಷ್ಟರಲ್ಲಿ ವಿಷಯ ಗೊತ್ತಾಗಿತ್ತು. ಎದ್ದು ಒಂದೊಂದೇ ಸ್ವಿಚ್ ಆಫ್ ಮಾಡುತ್ತ ಹೋದರು. ಫ್ಯಾನು, ಟೀವಿ, ದೇವರ ಮುಂದಿನ ಪುಟ್ಟ ಬಲ್ಬು ಕೂಡ.

“ಊರಿಗೆಲ್ಲ ಕರೆಂಟ್ ಕಳಿಸಿದೋರು ನೀವು,” ಎಂದೆ, ಏನಾದರೂ ಅನ್ನಬೇಕಲ್ಲ ಎಂದು.

“ಸುಮ್ನೆ ಕೂತ್ಕೊಳೆ,” ಎಂದರು. ಯಾವಾಗಲೂ ತಿರುಗಿ ಒಂದು ಮಾತು ಹಾಕುವ ಮನುಷ್ಯ. ಆವತ್ತು ಹಾಕಲಿಲ್ಲ.

ಸೆಖೆಯಲ್ಲಿ ಮೂವರೂ ಕಪ್ಪು ಪರದೆಯ ಮೇಲೆ ಓಡುತ್ತಿದ್ದ ಬಿಳಿ ಅಕ್ಷರಗಳನ್ನೇ ನೋಡುತ್ತ ಕುಳಿತೆವು. ನಾನು ಮನಸ್ಸಿನಲ್ಲಿ ಅಡುಗೆಮನೆಯ ಗೂಡು ಗೂಡಿಗೂ ಹೋಗಿ ಬಂದೆ. ಜಾಲರಿ, ಇಕ್ಕಳ, ಮೊಗಚುವ ಕೈ, ಒರಳು, ಸೇರು. ಎಲ್ಲ ಬಂದವು. ಎಲ್ಲ ಬಂದವೆಂದು ನಂಬಿಕೆಯಾಗದೆ ಮತ್ತೆ ಮೊದಲಿನಿಂದ ಎಣಿಸಿದೆ. ಸಂಜೆ ಕರೆಂಟ್ ಬಂತು.

ಮರುದಿನ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅವಳು ಕೂಗಿದಳು. ಓಡಲಿಲ್ಲ. ಲೋಟ ಕೆಳಗಿಟ್ಟು, ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋದೆ.

“ಸ್ವಲ್ಪ ಕಮ್ಮಿ ಆಗಿದೆ. ಉಳಿದ ಕಂಟ್ರೋಲ್‌ಗಳಿಗೆ ಆದಷ್ಟೇ. ವಯಸ್ಸಿಗೆ ಆಗೋದು ಅಷ್ಟೇ ಅಜ್ಜಿ! ಸರ್‌ಗೆ ಎರಡು ಲಾಗೂ ಕಳಿಸ್ದೆ. ‘ಕೀಪ್ ಹರ್ ಇನ್’ ಅಂದ್ರು.”

ನಮ್ಮನೆಯವರು “ಹಂಗಾದ್ರೆ ಕಾಫಿ ಕೊಡ್ತೀಯಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ದೇವರ ಬಲ್ಬು ಹಾಕಲು ಹೋದರು.

ಆಗ ಮೊಮ್ಮಗಳಿಗೆ ಸೌಟಿನ ವಿಷಯ ಹೇಳಿದೆ. ಮಹಡಿಯದನ್ನೂ ಹೇಳಿದೆ. ಅವಳ ಮುಖದ ನಗು ಇಳಿಯಿತು.

“ಆಗ್ಲೇ ಹೇಳ್ಬಾರ್ದಿತ್ತಾ?”

“ನಿನ್ನೆ ಬೆಳಿಗ್ಗೆ ನೀನು ಹೇಳಿದ್ಯಾ?”

ಅವಳು ನನ್ನ ಕೈ ಹಿಡಿದುಕೊಂಡಳು. “ಜಾಂಡೀಸ್ ಆದ ಸುಸ್ತಿಗೂ ಹಂಗಾಗಿರಬಹುದು. ಅಳತೆ ಸರಿ ಬಂತು ಅಂತ ಇದನ್ನ ಬಿಡೋ ಹಾಗಿಲ್ಲ. ಸೋಮವಾರ ಡಾಕ್ಟರ್ ಹತ್ರ ಹೋಗೋಣ. ಹೆದರಬೇಡ.”

“ನೀನೂ ಹೆದರಬೇಡ,” ಎಂದೆ.

ಆಮೇಲೆ ಅವಳು ಸಾಫ್ಟ್‌ವೇರ್ ಎಲ್ಲಿದೆ, ಯಾವ ವರ್ಷನ್ ಎಂದು ಹೇಳುವ ಆ ಸಾಲುಗಳನ್ನು ಲ್ಯಾಪ್‌ಟಾಪು ತಾನೇ ಓದಿಕೊಳ್ಳುವ ಫೈಲಿಗೆ ಸೇರಿಸಿದಳು. ಇನ್ನು ಯಾವ ವಿಂಡೋ ತೆಗೆದರೂ ಹೇಳಿಕೊಡಬೇಕಾಗಿಲ್ಲ, ತೆಗೆದ ಕೂಡಲೇ ತಾನೆಲ್ಲಿದ್ದೇನೆಂದು ಅದಕ್ಕೆ ಗೊತ್ತಿರುತ್ತದೆ ಎಂದಳು. ತೋರಿಸು ಎಂದೆ. ಎಲ್ಲ ಮುಚ್ಚಿ ಹೊಸದೊಂದು ತೆಗೆದಳು. ವರ್ಷನ್ ಕೇಳಿದಳು. ಸರಿಯಾಗಿ ಹೇಳಿತು.

“ಮುಚ್ಚಿ ಇನ್ನೊಂದ್ಸಲ ತೆಗಿ,” ಎಂದೆ.

ತೆಗೆದಳು. ಸರಿಯಾಗಿಯೇ ಹೇಳಿತು.

“ಇನ್ನೊಂದ್ಸಲ,” ಎಂದೆ.