ಕಾಕಾನ ಜರಿ ಬನಿಯನ್

ಮಗನಿಗೆ ತಂದ ಹೊಸ ಬನಿಯನ್ನುಗಳನ್ನು ಮೊನ್ನೆ ನೀರಿನಲ್ಲಿ ಅದ್ದಿ ಹಿಂಡುತ್ತಿದ್ದೆ. ಹೊಸ ಹತ್ತಿಬಟ್ಟೆ ಒದ್ದೆಯಾದಾಗ ಬರುವ ಹಸಿ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಬಿಟ್ಟಿತು. ಪಕ್ಕದ ಮನೆಯ ಹಿತ್ತಲಲ್ಲಿ ಕಾಕು ದಿನಾ ಬೆಳಿಗ್ಗೆ ಒಂದು ಬನಿಯನ್ನಿಗೆ ಬೆರಳಿಂದ ನೀರು ಸವರುತ್ತಿದ್ದರು... ಅದೇ ವಾಸನೆ.

ಕಾಕಾ ಬಸ್ ಕಂಡಕ್ಟರ್. ನಮಗೇನೂ ಸಂಬಂಧಿಕರಲ್ಲ. ನಾನು ಟೀಚರಾಗಿ ದಾಂಡೇಲಿಗೆ ಬಂದು ಆ ಸಾಲುಮನೆ ಹಿಡಿದ ದಿನ, ನನ್ನ ಸಾಮಾನು ಇಳಿಸಿಕೊಟ್ಟವರು ಅವರು. ಅಂದಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ಇದ್ದ ಒಬ್ಬ ಮಗಳನ್ನು ಮುಂಡಗೋಡಿಗೆ ಕೊಟ್ಟಿದ್ದರು. ಜೋಯಿಡಾದ ಆಚೆ ಕಾಡಿನ ಊರುಗಳಿಗೆ ಹೋಗುವ ಬಸ್ಸು ಕಾಕಾನದು. ಯಾರಿಗೋ ಗುಳಿಗೆ, ಯಾರಿಗೋ ಚಪ್ಪಲಿ, ಯಾರದೋ ತವರಿನ ಸುದ್ದಿ, ಎಲ್ಲ ಅವರ ಕೈಯಲ್ಲೇ ಹೋಗುತ್ತಿತ್ತು.

ಒಂದು ವರ್ಷ ಅವರು ಎರಡು ಸಲ ಕಣ್ಣಿಗೆ ಕತ್ತಲೆ ಬಂದು ಬಿದ್ದರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಎದೆಬಡಿತ ಆಗಾಗ ತಪ್ಪುತ್ತಿದೆ ಎಂದರು. ಎಷ್ಟು ತಪ್ಪುತ್ತದೆ, ಯಾವಾಗ ತಪ್ಪುತ್ತದೆ ಎಂದು ಕೆಲವು ವಾರ ನೋಡಿದ ಮೇಲೆ ಎದೆಯೊಳಗೆ ಬಡಿತ ಕಾಯುವ ಯಂತ್ರ ಕೂಡಿಸಬೇಕೋ ಬೇಡವೋ ಹೇಳುತ್ತೇವೆ ಎಂದು ಒಂದು ಬನಿಯನ್ ಕೊಟ್ಟು ಕಳಿಸಿದರು. ನೋಡಲಿಕ್ಕೆ ಮಾಮೂಲಿ ಬನಿಯನ್ನೇ. ಎದೆಯ ಹತ್ತಿರ ಮಾತ್ರ ಬೆಳ್ಳಿಯಂತೆ ಹೊಳೆಯುವ ದಾರದ ಪಟ್ಟಿ, ಅದಕ್ಕೊಂದು ಗುಂಡಿಯಷ್ಟು ಡಬ್ಬಿ. ಆ ದಾರ ಎದೆಬಡಿತ ಹಿಡಿಯುತ್ತದೆ, ಡಬ್ಬಿ ಅದನ್ನು ಕಾಕಾನ ಫೋನಿಗೆ ಕೊಡುತ್ತದೆ, ಫೋನು ಹುಬ್ಬಳ್ಳಿಯ ಡಾಕ್ಟರಿಗೆ. ದಾರ ಮೈಗೆ ಸರಿಯಾಗಿ ಹತ್ತಲಿ ಎಂದು ಮೊದಲು ನೀರು ಸವರಬೇಕು.

"ಜರಿ ಬನಿಯನ್ ಹಾಕ್ಕೊಂಡು ಮದಲಿಂಗ ಆಗೇನ್ರಿ ಅಕ್ಕೋರ," ಎಂದು ಕಾಕಾ ಮದುಮಗನ ಗತ್ತಿನಲ್ಲಿ ಖಾಕಿ ಅಂಗಿಯ ಗುಂಡಿ ಬಿಚ್ಚಿ ತೋರಿಸಿ ನಗುತ್ತಿದ್ದರು. ಬೇರೆ ರೂಟು ಕೇಳಿ ಎಂದರೆ, "ಆ ಕಡೆ ಮಂದಿಗೆ ನಾ ಬೇಕ್ರಿ. ಹೊಸಾ ಕಂಡಕ್ಟರಿಗೆ ಯಾರ ಮನಿ ಎಲ್ಲೈತಿ ಅಂತ ಏನ್ ಗೊತ್ತಾಗ್ತೈತಿ?" ಅನ್ನುತ್ತಿದ್ದರು. ಡಾಕ್ಟರೂ ಹಗುರ ಕೆಲಸವಾದರೆ ಮಾಡಲಿ ಎಂದಿದ್ದರು.

ಕಾಕುವಿನದು ಒತ್ತುವ ಗುಂಡಿಯ ಹಳೇ ಫೋನು. ಹಾಗಾಗಿ ಮನೆಯವರಿಗೆ ಬರುವ ಸಂದೇಶಗಳನ್ನು ದವಾಖಾನೆಯವರು ನನ್ನ ಫೋನಿಗೆ ಹಾಕಿಕೊಟ್ಟರು. ಹಸಿರು ಇದ್ದರೆ ಚೆನ್ನಾಗಿದ್ದಾರೆ, ಕೆಂಪಾದರೆ ತೊಂದರೆ. ಬಸ್ಸು ಕಾಡು ಹೊಕ್ಕಿತೆಂದರೆ ನೆಟ್‌ವರ್ಕ್ ಇಲ್ಲ, ಹಸಿರು ಹೋಗಿ ಬೂದಿ ಬಣ್ಣ. ಕಾಕು ಒಲೆ ಬಿಟ್ಟು ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಹೆಂಗೈತಿ ನೋಡವಾ." "ಬೂದಿ ಆಗೈತಿ ಕಾಕು." "ಹಂಗಾರ ಕಾಡು ಹೊಕ್ಕಾರ," ಎಂದು ತಮಗೆ ತಾವೇ ಹೇಳಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಸಿರು. ಅದನ್ನು ನೋಡಿದ ಮೇಲೆಯೇ, ನಾನು ಶಾಲೆಯಲ್ಲಿದ್ದರೆ ಫೋನಿನಲ್ಲಿ ಕೇಳಿದ ಮೇಲೆಯೇ, ಅವರ ಊಟ.

ಶ್ರಾವಣದ ಒಂದು ಭಾನುವಾರ. ಬೆಳಿಗ್ಗೆಯಿಂದ ಜೋರು ಮಳೆ. ಎಂದಿನಂತೆ ಬೂದಿ ಬಣ್ಣವಾಯಿತು. ಮಧ್ಯಾಹ್ನವಾದರೂ ಹಸಿರು ಬರಲಿಲ್ಲ. ಕಾಕಾಗೆ ಫೋನು ಮಾಡಿದೆ, ಡ್ರೈವರಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ಅದೇ ದನಿ.

"ಫೋನಿನ್ಯಾಗಿನ ಆ ಹೆಣ್ಮಗಳು ಏನಂತಾಳವಾ?" ಎಂದು ಕಾಕು ಕೇಳಿದರು.

ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಒಳ್ಳೆಯವರು, ಕೂಡಲೇ ಎತ್ತಿದರು. "ನನಗೂ ಏನೂ ಕಾಣ್ತಾ ಇಲ್ಲ. ಕಂಡರೆ ಹೇಳಬಹುದು," ಎಂದರು. ಆಂಬುಲೆನ್ಸಿನವರು ಬರುತ್ತೇವೆ, ಎಲ್ಲಿಗೆ ಎಂದು ಕೇಳಿದರು. ಎಲ್ಲಿಗೆಂದು ಹೇಳಲಿ? ಬಸ್ಸು ಎಲ್ಲಿದೆ ಎಂದು ಡಿಪೋದವರಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಮರ ಬಿದ್ದಿರಬೇಕು ಎಂದಷ್ಟೇ ಹೇಳಿದರು. ನಾವಿಬ್ಬರೂ ಹೊಸ್ತಿಲ ಮೇಲೆ ಕೂತೆವು. ಮಾಡಲಿಕ್ಕೆ ಬೇರೆ ಏನೂ ಇರಲಿಲ್ಲ... ಫೋನು ನಮ್ಮಿಬ್ಬರ ನಡುವೆ ನೆಲದ ಮೇಲಿತ್ತು.

ಸಂಜೆಗೆ ಅದು ಒಮ್ಮೆಲೇ ಕೂಗತೊಡಗಿತು. ಕೆಂಪು, ಮತ್ತೆ ಕೆಂಪು, ಒಂದರ ಮೇಲೊಂದು. ಬಸ್ಸು ನೆಟ್‌ವರ್ಕಿನೊಳಗೆ ಬಂದಿತ್ತು. ಡಬ್ಬಿ ಅಷ್ಟು ಹೊತ್ತು ಹಿಡಿದಿಟ್ಟುಕೊಂಡದ್ದನ್ನೆಲ್ಲ ಒಟ್ಟಿಗೆ ಕಳಿಸುತ್ತಿತ್ತು. ಸಂದೇಶಗಳ ಮೇಲಿದ್ದದ್ದು ಮಧ್ಯಾಹ್ನದ ಹೊತ್ತು. ಎಲ್ಲ ಆಗಿಹೋದದ್ದು. ಎದೆಬಡಿತದ ಗೆರೆ ಮೇಲೆ ಕೆಳಗೆ ಕುಣಿದು, ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ಸಪಾಟು.

ಡಾಕ್ಟರ್ ತಾವಾಗಿಯೇ ಫೋನು ಮಾಡಿದರು. "ಬನಿಯನ್ ಒಣಗಿದರೂ, ಜಾರಿದರೂ ಹೀಗೆ ಗೆರೆ ಬರುತ್ತೆ. ಅದೊಂದನ್ನೇ ನಂಬಬೇಡಿ," ಎಂದರು. ಅದನ್ನೇ ಕಾಕುಗೆ ಹೇಳಿದೆ.

ಕಾಕು ಸೆರಗು ಬಾಯಿಗೆ ಹಿಡಿದುಕೊಂಡರು. "ಇವತ್ತ ಅವಸರ ಇತ್ತವಾ, ಸರಿಯಾಗಿ ನೀರು ಹಚ್ಚಿದ್ದಿಲ್ಲ ನಾ. ಒಣಗಿರಬೇಕು. ಯಪ್ಪಾ ದೇವರ, ಒಣಗಿರಲಿ..." ಎಂದು ಆ ಸುರಿಯುವ ಮಳೆಯ ಕಡೆ ನೋಡುತ್ತ ಹೇಳುತ್ತಲೇ ಇದ್ದರು. ನಾನೂ ಮನಸ್ಸಿನಲ್ಲಿ ಅದನ್ನೇ ಹೇಳುತ್ತಿದ್ದೆ.

ಅಷ್ಟರಲ್ಲಿ ಡಿಪೋದವರ ಫೋನು ಬಂತು. ಬಸ್ಸು ಸ್ಟ್ಯಾಂಡಿಗೆ ಹೋಗದೆ ನೇರ ದಾಂಡೇಲಿಯ ದವಾಖಾನೆಗೆ ಬಂದಿತ್ತು. ನಾವು ಓಡಿ ತಲುಪುವಷ್ಟರಲ್ಲಿ ಕಾಕಾನನ್ನು ಒಳಗೆ ಮಲಗಿಸಿ ಬಟ್ಟೆ ಹೊದಿಸಿದ್ದರು. ಹೊರಗೆ ಡ್ರೈವರ್ ತೊಯ್ದು ನಡುಗುತ್ತ ನಿಂತಿದ್ದ. ಕಾಡಿನ ನಡುವೆ ಒಬ್ಬ ಮುದುಕಿಗೆ ಟಿಕೆಟ್ ಹರಿದುಕೊಟ್ಟು, ಸೀಟಿಗೆ ಕೂತವರು ಹಾಗೇ ವಾಲಿದರಂತೆ. ಮುಂದೆ ಮರ ಬಿದ್ದಿತ್ತಂತೆ. ಗಂಡಸರು, ಹೆಂಗಸರು ಎಲ್ಲ ಇಳಿದು ಮಳೆಯಲ್ಲಿ ಎಳೆದು ದಾರಿ ಮಾಡಿದರಂತೆ.

"ಯಾರೂ ತಮ್ಮ ಸ್ಟಾಪಿಗೆ ಇಳೀಲಿಲ್ರಿ ಅಕ್ಕೋರ," ಎಂದ. "ಬಸ್ಸು ನಿಂದರಸಬ್ಯಾಡ, ಹೊಡಿ ಹೊಡಿ ಅಂದ್ರು. ಎಲ್ಲಾರೂ ಇಲ್ಲೀ ಮಟಾ ಬಂದಾರ."

ಹೌದು, ಬಂದಿದ್ದರು. ಮುದುಕಿಯರು, ಕೂಸು ಎತ್ತಿಕೊಂಡವರು, ಸಂತೆಯ ಚೀಲ ಹಿಡಿದವರು ದವಾಖಾನೆಯ ಗೋಡೆಗುಂಟ ನಿಂತಿದ್ದರು. ಊರಿಗೆ ಹೋಗಲು ಮತ್ತೆ ಬಸ್ಸಿರಲಿಲ್ಲ.

ಮುಂದಿನ ವಾರ ಡಾಕ್ಟರ್ ಹುಬ್ಬಳ್ಳಿಯಿಂದ ತಾವೇ ಬಂದರು. ಗೆರೆಗಳನ್ನು ತೋರಿಸಿ, ಕಾಯಿಲೆ ಈಗ ಸ್ಪಷ್ಟವಾಗಿದೆ, ಯಂತ್ರ ಕೂಡಿಸಬೇಕಿತ್ತು ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು. ಕಾಕು ಚಹಾದ ಕಪ್ಪು ಮುಂದೆ ಸರಿಸಿ, "ತಿಳೀತಲ್ರಿ, ಸಾಕು ಬಿಡ್ರಿ. ಚಾ ಆರ್ತೈತಿ, ಕುಡೀರಿ," ಎಂದರು.

ಆಮೇಲೆ ಕಾಕು ಮಗಳ ಮನೆಗೆ ಹೋದರು. ಮೊದಮೊದಲು ಫೋನು ಮಾಡುತ್ತಿದ್ದರು... ಈಗ ಕಿವಿ ಕೇಳುವುದಿಲ್ಲವಂತೆ. ಆ ಮನೆಗೆ ಬೇರೆಯವರು ಬಂದಿದ್ದಾರೆ, ಹೊಸದಾಗಿ ಮದುವೆಯಾದವರು. ಹೋದ ತಿಂಗಳು ಆ ಹುಡುಗಿ ನನ್ನನ್ನು ಒಳಗೆ ಕರೆದು, ಬಾಗಿಲ ಹಿಂದೆ ಮೊಳೆಯ ಕೆಳಗೆ ಗೋಡೆ ಕಪ್ಪಾದದ್ದನ್ನು ತೋರಿಸಿದಳು. ಎಷ್ಟೋ ವರ್ಷ ಕಾಕಾನ ಚರ್ಮದ ಚೀಲ ತೂಗಿ ತೂಗಿ ಉಜ್ಜಿದ ಜಾಗ ಅದು.

"ಎಷ್ಟು ತಿಕ್ಕಿದ್ರೂ ಹೋಗವಲ್ದ್ರೀ. ಏನಿದು ಅಕ್ಕೋರ?"

"ಬಣ್ಣ ಹಚ್ಚವಾ, ಹೋಗ್ತೈತಿ," ಎಂದೆ.

ಹಚ್ಚಿದರು. ಹೋಯಿತು.